‘ರಿಂಗ್ ವೇರ್’, ‘ಫ್ರೇಮ್ ಕವರ್’, ‘ಕಟ್‌ಔಟ್’: ಹಳೆಯ ಜಾಝ್ ಎಲ್‌ಪಿ ಹೊದಿಕೆಗಳ ಮಾತು ಕನ್ನಡದಲ್ಲಿ ಹೇಗಿರಬೇಕು?

ತಟ್ಟೆಪ್ರಿಯ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಅಮೆರಿಕದ ಮಾರಾಟಗಾರರೊಬ್ಬರಿಂದ ಆಲಿವರ್ ನೆಲ್ಸನ್ ಅವರ ‘ದಿ ಬ್ಲೂಸ್ ಅಂಡ್ ದಿ ಆಬ್‌ಸ್ಟ್ರಾಕ್ಟ್ ಟ್ರೂತ್’ ಎಲ್‌ಪಿ, ಅಂದರೆ ದೊಡ್ಡ ಗ್ರಾಮಫೋನ್ ತಟ್ಟೆ, ತರಿಸಿಕೊಂಡೆ. 1961ರಲ್ಲಿ ಇಂಪಲ್ಸ್ ಕಂಪನಿ ಹೊರತಂದ ತಟ್ಟೆ. ಎರಿಕ್ ಡಾಲ್ಫಿ, ಬಿಲ್ ಇವಾನ್ಸ್, ಫ್ರೆಡ್ಡಿ ಹಬ್ಬರ್ಡ್ ಒಂದೇ ಕೋಣೆಯಲ್ಲಿ ಕುಳಿತು ನುಡಿಸಿದ್ದು. ಹತ್ತು ವರ್ಷಗಳಿಂದ ಇದಕ್ಕಾಗಿ ಕಾದಿದ್ದೆ.

ಮಾರಾಟಗಾರರು ಬರೆದ ವಿವರಣೆ ಹೀಗಿತ್ತು: ‘ಗೇಟ್‌ಫೋಲ್ಡ್, ಲ್ಯಾಮಿನೇಟೆಡ್, ಲೈಟ್ ರಿಂಗ್ ವೇರ್, ಕೆಳಗಡೆ ಎರಡಿಂಚು ಸೀಮ್ ಸ್ಪ್ಲಿಟ್, ಡಬ್ಲ್ಯುಓಸಿ, ಕಟ್‌ಔಟ್, ವಿಜಿ ಪ್ಲಸ್ / ವಿಜಿ.’ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ನಮ್ಮೂರಿನಲ್ಲಿ ಕಟೌಟ್ ಎಂದರೆ ಚಿತ್ರಮಂದಿರದ ಮುಂದೆ ನಿಲ್ಲಿಸುವ ನಾಯಕನ ಎತ್ತರದ ಚಿತ್ರ. ಇಲ್ಲಿ ಅದು ಯಾವುದೋ ಒಂದು ಬಗೆಯ ವಿನ್ಯಾಸದ ಹೆಸರಿರಬೇಕು ಎಂದುಕೊಂಡು ಹಣ ಕಳುಹಿಸಿದೆ. ಪೊಟ್ಟಣ ಬಿಚ್ಚಿದಾಗ ಹೊದಿಕೆಯ ಮೇಲಿನ ಬಲಮೂಲೆಯನ್ನು ಅರ್ಧ ಇಂಚಿನಷ್ಟು ಓರೆಯಾಗಿ ಕತ್ತರಿಸಲಾಗಿತ್ತು. ನಿಜಕ್ಕೂ ಸಂಕಟವಾಯಿತು. ಅವರು ಮುಚ್ಚಿಟ್ಟಿರಲಿಲ್ಲ, ನನಗೆ ಆ ಮಾತು ಗೊತ್ತಿರಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಈ ಪದಗಳನ್ನೆಲ್ಲ ನಮ್ಮ ಭಾಷೆಯಲ್ಲಿ ಬಿಡಿಸಿ ಹೇಳಬಲ್ಲಿರಾ? ಸಾಧ್ಯವಾದರೆ ಕನ್ನಡದ ಪದಗಳನ್ನೂ ಕೊಡಿ. ನನ್ನ ಹಾಗೆ ಹೊಸದಾಗಿ ಸಂಗ್ರಹ ಶುರು ಮಾಡುವವರಿಗೆ ಉಪಕಾರವಾದೀತು.

ಜರ್ಸಿ_ಕನ್ನಡತಿ

ನಿಮ್ಮ ಸಂಕಟ ಅರ್ಥವಾಗುತ್ತದೆ. ಕಟ್‌ಔಟ್ ಎಂದರೆ ಕಂಪನಿ ತನ್ನ ಪಟ್ಟಿಯಿಂದ ಕೈಬಿಟ್ಟ ತಟ್ಟೆ. ಉಗ್ರಾಣದಲ್ಲಿ ಉಳಿದುಹೋದ ಪ್ರತಿಗಳನ್ನು ಸಗಟು ವ್ಯಾಪಾರಿಗಳಿಗೆ ಕಡಿಮೆ ದರಕ್ಕೆ ಕೊಟ್ಟುಬಿಡುತ್ತಿದ್ದರು. ಆದರೆ ಅಲ್ಲಿ ಅಂಗಡಿಯವರಿಗೆ ಮಾರಾಟವಾಗದ ತಟ್ಟೆಯನ್ನು ಹಿಂದಿರುಗಿಸಿ ಪೂರ್ತಿ ಹಣ ಪಡೆಯುವ ವ್ಯವಸ್ಥೆ ಇತ್ತು. ಅಗ್ಗಕ್ಕೆ ಕೊಂಡ ತಟ್ಟೆಯನ್ನೇ ಪೂರ್ಣ ಬೆಲೆಗೆ ವಾಪಸು ಮಾಡಬಾರದೆಂದು ಹೊದಿಕೆಗೆ ಗುರುತು ಹಾಕುತ್ತಿದ್ದರು. ಮೂಲೆ ಕತ್ತರಿಸುವುದು, ಗರಗಸದಿಂದ ಅಂಚಿನಲ್ಲಿ ಸೀಳು ಹಾಕುವುದು, ಡ್ರಿಲ್ ಹಿಡಿದು ತೂತು ಕೊರೆಯುವುದು, ಈ ಮೂರೂ ಇದ್ದವು. ಕಟ್ಟು ಕಟ್ಟಾಗಿ ಜೋಡಿಸಿ ಒಂದೇ ಸಲ ಕತ್ತರಿಸುತ್ತಿದ್ದುದರಿಂದ ಕೆಲವು ಪ್ರತಿಗಳಲ್ಲಿ ಸೀಳು ಆಳವಾಗಿ ಇಳಿದಿರುತ್ತದೆ. ನಿಮಗೆ ಬಂದದ್ದು ಮೂಲೆ ಮಾತ್ರ. ಒಳಗಿನ ತಟ್ಟೆಗೆ ಏನೂ ಆಗಿರುವುದಿಲ್ಲ.

ಡಬ್ಲ್ಯುಓಸಿ ಎಂದರೆ ಹೊದಿಕೆಯ ಮೇಲೆ ಯಾರೋ ಬರೆದಿದ್ದಾರೆ ಎಂದು. ಹಿಂದಿನ ಮಾಲೀಕರ ಹೆಸರೋ, ರೇಡಿಯೋ ನಿಲಯದ ಸಂಖ್ಯೆಯೋ ಇರಬಹುದು. ಬರಹ ತಟ್ಟೆಯ ನಡುವಿನ ಲೇಬಲ್ಲಿನ ಮೇಲಿದ್ದರೆ ಡಬ್ಲ್ಯುಓಎಲ್ ಎನ್ನುತ್ತಾರೆ.

ಕೊನೆಯ ಎರಡು ದರ್ಜೆಗಳಲ್ಲಿ ಮೊದಲನೆಯದು ತಟ್ಟೆಗೆ, ಎರಡನೆಯದು ಹೊದಿಕೆಗೆ. ಅಂದರೆ ನಿಮ್ಮ ತಟ್ಟೆ ಹೊದಿಕೆಗಿಂತ ಚೆನ್ನಾಗಿದೆ. ಮಿಂಟ್, ನಿಯರ್ ಮಿಂಟ್, ವಿಜಿ ಪ್ಲಸ್, ವಿಜಿ (ವೆರಿ ಗುಡ್), ಗುಡ್ ಎಂದು ಇಳಿಯುತ್ತಾ ಹೋಗುವ ಸಾಲು ಅದು. ಆ ಸಾಲಿನಲ್ಲಿ ‘ಗುಡ್’ ಎಂಬುದನ್ನು ಮಾತ್ರ ನಂಬಬೇಡಿ. ಹೆಸರು ಒಳ್ಳೆಯದಾದರೂ ವಸ್ತು ಜರ್ಜರಿತವಾಗಿರುತ್ತದೆ.

ಸೂಜಿಮುಳ್ಳು

ಡೀಪ್ ಗ್ರೂವ್, ಇಯರ್ ಇವನ್ನೂ ಪಟ್ಟಿಗೆ ಸೇರಿಸಿ. ಬ್ಲೂ ನೋಟ್ ಎಂಬ ಜಾಝ್ ಕಂಪನಿಯ ಹೊದಿಕೆಗಳನ್ನು ಕೊಳ್ಳುವವರು ಮೊದಲು ಕೇಳುವುದು ಅವನ್ನೇ.

ಜರ್ಸಿ_ಕನ್ನಡತಿ

@ಸೂಜಿಮುಳ್ಳು, ಅವು ಹೊದಿಕೆಯ ಮಾತುಗಳಲ್ಲ, ತಟ್ಟೆಯವು. ಡೀಪ್ ಗ್ರೂವ್ ಎಂದರೆ ಅಚ್ಚಿನ ಯಂತ್ರ ಲೇಬಲ್ಲಿನ ಮೇಲೆ ಬಿಟ್ಟ ಆಳವಾದ ವೃತ್ತ. ಇಯರ್ ಎಂದರೆ ತಟ್ಟೆ ಅಚ್ಚು ಹಾಕಿದ ಪ್ಲಾಸ್ಟಿಲೈಟ್ ಎಂಬ ಕಾರ್ಖಾನೆಯ ಗುರುತು. ಹಾಡು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಇರುತ್ತದೆ. ಅದು ಇಂಗ್ಲಿಷಿನ ‘ಪಿ’ ಅಕ್ಷರ, ಕೈಬರಹದಲ್ಲಿ ಕಿವಿಯಂತೆ ಕಾಣುತ್ತದೆ. ಇಲ್ಲಿ ಹೊದಿಕೆಯಷ್ಟನ್ನೇ ಮಾತನಾಡೋಣ, ಇಲ್ಲದಿದ್ದರೆ ಎರಡೂ ಕಲಸಿಹೋಗುತ್ತವೆ.

ರಟ್ಟಿನಮನೆ (ಮೈಸೂರು)

ತಟ್ಟೆಪ್ರಿಯ ಅವರೇ, ಆ ಕತ್ತರಿಸಿದ ಮೂಲೆಯನ್ನು ನೋಡಿ ಬೇಸರಪಡಬೇಡಿ. ಒಂದು ಭೂತಗನ್ನಡಿ ತೆಗೆದುಕೊಂಡು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಷ್ಟು ಪದರಗಳಿವೆ ಎಂದು ಎಣಿಸಿ ಇಲ್ಲಿ ಬರೆಯಿರಿ. ಆಮೇಲೆ ನಾನು ಹೇಳುತ್ತೇನೆ.

ತಟ್ಟೆಪ್ರಿಯ (ಬೆಂಗಳೂರು)

ನೋಡಿದೆ ಸರ್. ಎಲ್ಲಕ್ಕಿಂತ ಮೇಲೆ ಗಾಜಿನಂತಹ ತೆಳುವಾದ ಪೊರೆ, ಕತ್ತರಿ ಆಡಿದಲ್ಲಿ ಅದು ಒಂದು ಕೂದಲೆಳೆಯಷ್ಟು ಮೇಲೆದ್ದಿದೆ. ಅದರ ಕೆಳಗೆ ಬಣ್ಣ ಮುದ್ರಿಸಿದ ಬಿಳಿಯ ಹಾಳೆ. ಅದರ ಕೆಳಗೆ ದಪ್ಪನೆಯ ಬೂದುಬಣ್ಣದ ರಟ್ಟು, ನಾರುನಾರಾಗಿದೆ. ಮಡಿಕೆಯ ಒಳಬದಿಗೆ ಮತ್ತೊಂದು ಹಾಳೆ. ಇದನ್ನು ಹೀಗೆ ನೋಡಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ರಟ್ಟಿನಮನೆ (ಮೈಸೂರು)

ಇನ್ನು ನಿಮಗೆ ಅರ್ಧಕ್ಕರ್ಧ ಪದಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಮೇಲಿನ ಆ ಪೊರೆ ಇದ್ದರೆ ‘ಲ್ಯಾಮಿನೇಟೆಡ್’.

ನಮ್ಮ ತಂದೆಯವರದು ಬೈಂಡಿಂಗ್ ಕೆಲಸ. ಕಚೇರಿಗಳ ಲೆಡ್ಜರುಗಳಿಗೆ ರಟ್ಟು ಕಟ್ಟುತ್ತಿದ್ದರು. ಮೈದಾ ಕುದಿಸಿ ಅಂಟು ಮಾಡಿ, ಹುಳ ಹಿಡಿಯದಿರಲಿ ಎಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ರಟ್ಟಿಗಿಂತ ದೊಡ್ಡದಾದ ಹಾಳೆಯನ್ನು ಹಾಸಿ, ಅಂಟು ಸವರಿ, ರಟ್ಟನ್ನು ಅದರ ಮೇಲಿಟ್ಟು, ನಾಲ್ಕು ಬದಿಯ ಹೆಚ್ಚುವರಿಯನ್ನು ಒಳಕ್ಕೆ ಮಡಚಿ, ಮಡಿಕೆಗಳು ಮುಚ್ಚುವಂತೆ ಇನ್ನೊಂದು ಹಾಳೆ ಅಂಟಿಸುವುದು ಪದ್ಧತಿ. ನನ್ನ ಕೈಗೆ ಮೊದಲ ಅಮೆರಿಕನ್ ಎಲ್‌ಪಿ ಬಂದಾಗ ನಾನು ಕಂಡದ್ದು ಇದೇ ಕೆಲಸವನ್ನು. ಕೈಯ ಬದಲು ಯಂತ್ರ, ಅಷ್ಟೇ.

ಅಲ್ಲಿಯವರು ಇದನ್ನು ‘ಟಿಪ್-ಆನ್’ ಅಥವಾ ‘ಪೇಸ್ಟ್-ಆನ್’ ಎನ್ನುತ್ತಾರೆ. ಮುದ್ರಿಸಿದ ಆ ಹಾಳೆಗೆ ‘ಸ್ಲಿಕ್’ ಎಂದು ಹೆಸರು. 1950, 60ರ ದಶಕದ ಅಮೆರಿಕನ್ ಹೊದಿಕೆಗಳಲ್ಲಿ ಹೆಚ್ಚಿನವು ಹೀಗೆಯೇ ಆದವು. ಆಮೇಲೆ ಖರ್ಚು ಉಳಿಸಲು ರಟ್ಟಿನ ಮೇಲೇ ನೇರವಾಗಿ ಮುದ್ರಿಸತೊಡಗಿದರು. ಕೈಯಲ್ಲಿ ಹಿಡಿದರೇ ವ್ಯತ್ಯಾಸ ತಿಳಿಯುತ್ತದೆ. ಹಳೆಯದು ಲೆಡ್ಜರಿನಂತೆ ಬಿಗಿಯಾಗಿ ನಿಲ್ಲುತ್ತದೆ, ಹೊಸದು ಬಳುಕುತ್ತದೆ.

ಈಗ ಫ್ರೇಮ್ ಕವರ್. ಬ್ಲೂ ನೋಟ್ ಕಂಪನಿಯ 1500ರ ಕ್ರಮಸಂಖ್ಯೆಗಳ ಸಾಲಿನ ಮೊದಮೊದಲ ಹನ್ನೆರಡು ಇಂಚಿನ ತಟ್ಟೆಗಳಲ್ಲಿ ಮುಂಭಾಗದ ಹಾಳೆಯನ್ನು ಹಿಂದಕ್ಕೆ ಮಡಚಿ, ಹಿಂಬದಿಯ ಹಾಳೆಯನ್ನು ರಟ್ಟಿಗಿಂತ ಸ್ವಲ್ಪ ಚಿಕ್ಕದಾಗಿ ಕತ್ತರಿಸಿ ಅಂಟಿಸಿದ್ದಾರೆ. ಹಾಗಾಗಿ ಹಿಂಬದಿಯಲ್ಲಿ ಬರಹದ ಸುತ್ತ ಮುಂಭಾಗದ ಬಣ್ಣದ್ದೇ ಒಂದು ಅಂಚು ಉಳಿಯುತ್ತದೆ, ಗೋಡೆಗೆ ಹಾಕಿದ ಪಟದ ಕಟ್ಟಿನಂತೆ. ಹಳೆಯ ಲೆಡ್ಜರಿನ ರಟ್ಟನ್ನು ತೆರೆದು ಒಳಗೆ ನೋಡಿ, ಅಲ್ಲಿಯೂ ಹಾಳೆಯ ಸುತ್ತ ಬಟ್ಟೆಯ ಅಂಚು ಕಾಣುತ್ತದೆ. ಎರಡೂ ಒಂದೇ. ನಾನಾದರೆ ಇದನ್ನು ಕಟ್ಟಿನ ಹೊದಿಕೆ ಎನ್ನುತ್ತೇನೆ. ಟಿಪ್-ಆನ್‌ಗೆ ಹಾಳೆ ಹೊದಿಸಿದ ರಟ್ಟು.

ಮಳೆನಾಡು_ಕೇಳುಗ (ತೀರ್ಥಹಳ್ಳಿ)

ರಟ್ಟಿನಮನೆಯವರೇ, ‘ಕಟ್ಟು’ ಎಂದರೆ ಬಂಡಲ್ ಎಂದೂ ಆಗುತ್ತದಲ್ಲ. ‘ಚೌಕಟ್ಟಿನ ಹೊದಿಕೆ’ ಎಂದರೆ ಗೊಂದಲವಿಲ್ಲ.

ರಟ್ಟಿನಮನೆ (ಮೈಸೂರು)

ಒಪ್ಪಿದೆ. ಚೌಕಟ್ಟಿನ ಹೊದಿಕೆಯೇ ಸರಿ.

ವಿಲಾಯಿತಿ_ವಾಸಿ

ಇಲ್ಲಿ ಇಂಗ್ಲೆಂಡಿನಲ್ಲಿ ಕ್ರಮ ಬೇರೆ ಇತ್ತು. ಇಲ್ಲಿಯ 50, 60ರ ದಶಕದ ಹೊದಿಕೆಗಳ ಕಾಗದ ತೆಳು. ಮುಂಭಾಗಕ್ಕೆ ಮಾತ್ರ ಹೊಳಪಿನ ಪೊರೆ. ಮುಂಭಾಗದ ಅಂಚುಗಳನ್ನು ಹಿಂದಕ್ಕೆ ಮಡಚಿ ಹಿಂಬದಿಯ ಮುದ್ರಣದ ಮೇಲೆಯೇ ಅಂಟಿಸುತ್ತಿದ್ದರು. ಆ ಪಟ್ಟಿಗಳು ಕಣ್ಣಿಗೆ ಕಾಣುತ್ತಲೇ ಇರುತ್ತವೆ. ಇದಕ್ಕೆ ‘ಫ್ಲಿಪ್‌ಬ್ಯಾಕ್’ ಎಂದು ಹೆಸರು. ಹಿಂಬದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಗ್ಯಾರಡ್ ಅಂಡ್ ಲಾಫ್ಟ್‌ಹೌಸ್’ ಎಂದಿದ್ದರೆ ಅದು ಹೊದಿಕೆ ತಯಾರಿಸಿದ ಮುದ್ರಣಾಲಯದ ಹೆಸರು. ಬಹಳ ಹೊದಿಕೆಗಳ ಮೇಲೆ ಅದು ಸಿಗುತ್ತದೆ. ಫ್ಲಿಪ್‌ಬ್ಯಾಕನ್ನು ಚೌಕಟ್ಟಿನ ಹೊದಿಕೆ ಎಂದು ಮಾರುವವರಿದ್ದಾರೆ. ಎರಡೂ ಬೇರೆ ಬೇರೆ. ಚೌಕಟ್ಟಿನಲ್ಲಿ ಮಡಿಕೆ ಕೆಳಗೆ, ಹಿಂಬದಿಯ ಹಾಳೆ ಮೇಲೆ. ಫ್ಲಿಪ್‌ಬ್ಯಾಕಿನಲ್ಲಿ ಹಿಂಬದಿ ಕೆಳಗೆ, ಮಡಿಕೆ ಮೇಲೆ. ಉಗುರಿನಿಂದ ಮೆಲ್ಲಗೆ ಸವರಿದರೆ ಯಾವುದು ಮೇಲಿದೆ ಎಂದು ಗೊತ್ತಾಗುತ್ತದೆ.

ಸೂಜಿಮುಳ್ಳು

ಕೇಳಿದ್ದಕ್ಕೆ ಕ್ಷಮಿಸಿ, ಆದರೆ ಸಂಗೀತ ಇರುವುದು ತಟ್ಟೆಯಲ್ಲಿ. ಮಡಿಕೆ ಮೇಲಿದ್ದರೇನು, ಕೆಳಗಿದ್ದರೇನು? ಇಷ್ಟೊಂದು ಪದಗಳ ಅಗತ್ಯ ನಿಜವಾಗಿಯೂ ಇದೆಯೇ?

ಜರ್ಸಿ_ಕನ್ನಡತಿ

ಇದೆ. ನಾನು ಇದನ್ನು ತುಂಬ ಗಂಭೀರವಾಗಿಯೇ ಹೇಳುತ್ತಿದ್ದೇನೆ.

ಈ ಹೊದಿಕೆಗಳ ಮೇಲೆ ಅಚ್ಚಾದ ವರ್ಷ ಹೆಚ್ಚಾಗಿ ಇರುವುದಿಲ್ಲ. ಒಂದು ಹೊದಿಕೆ ಯಾವಾಗ, ಯಾರ ಕೈಯಿಂದ ಹೊರಬಂತು ಎಂಬುದಕ್ಕೆ ಸಾಕ್ಷಿ ಅದರ ರಟ್ಟು, ಅಂಟು, ವಿಳಾಸ, ಪೊರೆ ಇವೇ. ಬ್ಲೂ ನೋಟ್ ಹೊದಿಕೆಯ ಹಿಂಬದಿಯ ಕೊನೆಯ ಸಾಲನ್ನು ನೋಡಿ. ಮೊದಲಿಗೆ 767 ಲೆಕ್ಸಿಂಗ್ಟನ್ ಅವೆನ್ಯೂ. 1957ರ ಸುಮಾರಿಗೆ 47 ವೆಸ್ಟ್ 63ನೇ ರಸ್ತೆ. ಆಮೇಲೆ ಅದೇ ವಿಳಾಸಕ್ಕೆ ‘ನ್ಯೂಯಾರ್ಕ್ 23’ ಎಂಬ ಅಂಚೆ ವಲಯದ ಸಂಖ್ಯೆ ಸೇರುತ್ತದೆ. ಅದಾದ ಮೇಲೆ 43 ವೆಸ್ಟ್ 61ನೇ ರಸ್ತೆ. ಕಂಪನಿ ಮನೆ ಬದಲಿಸಿದಂತೆಲ್ಲ ಹೊದಿಕೆ ಅದನ್ನು ಬರೆದಿಟ್ಟುಕೊಂಡಿದೆ. ಸಂಗ್ರಾಹಕರು ‘ಲೆಕ್ಸಿಂಗ್ಟನ್’, ‘63ನೇ’ ಎಂದು ಬರಿಯ ರಸ್ತೆಯ ಹೆಸರು ಹೇಳಿದರೆ ಅರ್ಥ ಇದೇ.

ಜೊತೆಗೆ ಕಾಲವನ್ನು ದಾಖಲಿಸಿದ ತಪ್ಪುಗಳೂ ಇವೆ. ಮೈಲ್ಸ್ ಡೇವಿಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’ ತಟ್ಟೆಯ ಮೊದಲ ಹೊದಿಕೆಗಳಲ್ಲಿ ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಅವರ ಮನೆತನದ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ. ಆ ತಪ್ಪಿರುವ ಹೊದಿಕೆಯನ್ನು ಜನ ಹುಡುಕಿಕೊಂಡು ಹೋಗುತ್ತಾರೆ. ತಪ್ಪಿನ ಮೋಹದಿಂದಲ್ಲ, ತಿದ್ದುವುದಕ್ಕೆ ಮೊದಲಿನದು ಎಂಬುದಕ್ಕೆ ಅದೇ ಗುರುತು ಎಂದು.

ಸ್ಟೀರಿಯೋ ಬಂದ ಕಾಲದ ಕಥೆಯೂ ಹೊದಿಕೆಯಲ್ಲಿದೆ. ಬ್ಲೂ ನೋಟ್‌ನವರು ಮೊದಲಿಗೆ ಮೋನೋ ಹೊದಿಕೆಗೇ ‘ಸ್ಟೀರಿಯೋ’ ಎಂಬ ಚಿನ್ನದ ಬಣ್ಣದ ಚೀಟಿ ಅಂಟಿಸಿ ಕಳುಹಿಸಿದರು. ಬೇರೆ ಕೆಲವು ಕಂಪನಿಗಳು ಒಂದೇ ಹಾಳೆಯ ಮೇಲ್ತುದಿಯಲ್ಲಿ ಸ್ಟೀರಿಯೋ ಎಂಬ ಪಟ್ಟಿಯನ್ನು ಮುದ್ರಿಸಿ, ಮೋನೋಗಾದರೆ ಹಾಳೆಯನ್ನು ಮೇಲಕ್ಕೆ ಸರಿಸಿ ಆ ಪಟ್ಟಿ ಹಿಂದಕ್ಕೆ ಮಡಚಿಹೋಗುವಂತೆ ಅಂಟಿಸುತ್ತಿದ್ದವು. ಅಂಟು ಬಿಟ್ಟ ಒಂದು ಹೊದಿಕೆಯಲ್ಲಿ ನಾನೇ ಕಂಡಿದ್ದೇನೆ. ಹಿಂಬದಿಯ ಹಾಳೆಯ ಕೆಳಗೆ ಅಡಗಿಕೊಂಡಿತ್ತು ಆ ಪದ, ತಲೆಕೆಳಗಾಗಿ.

ಸೂಜಿಮುಳ್ಳು

ಆ ಕೊನೆಯ ಮಾತು ಓದಿ ನನ್ನ ಬಳಿಯಿರುವ ಹೊದಿಕೆಗಳನ್ನೆಲ್ಲ ಕೆಳಗಿಳಿಸಿದೆ ಮೇಡಂ. ಒಂದರಲ್ಲಿ ಮೇಲಂಚು ಬಿಟ್ಟಿದೆ. ನಿಧಾನವಾಗಿ ನೋಡುತ್ತೇನೆ. ನನ್ನ ಪ್ರಶ್ನೆಯನ್ನು ಹಿಂತೆಗೆದುಕೊಂಡಿದ್ದೇನೆ.

ಮಳೆನಾಡು_ಕೇಳುಗ (ತೀರ್ಥಹಳ್ಳಿ)

ನಾನು ಸವೆತದ ಪದಗಳ ಬಗ್ಗೆ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆಯ ಮಳೆ ಅವನ್ನೆಲ್ಲ ಕಲಿಸಿದೆ.

ರಿಂಗ್ ವೇರ್: ಒತ್ತಿ ಜೋಡಿಸಿದ ಸಾಲಿನಲ್ಲಿ ಒಳಗಿನ ತಟ್ಟೆಯ ಅಂಚು ರಟ್ಟನ್ನು ಒಳಗಿನಿಂದ ಒತ್ತುತ್ತದೆ. ಹೊರಗಡೆ ಉಬ್ಬಿದ ಆ ವೃತ್ತ ಪಕ್ಕದ ಹೊದಿಕೆಗೆ ಉಜ್ಜಿ ಬಣ್ಣ ಹೋಗುತ್ತದೆ. ಒಂದು ದೊಡ್ಡ ಬಿಳಿಯ ಬಳೆ. ಕಪ್ಪು ಬಣ್ಣದ ಹೊದಿಕೆಗಳಲ್ಲಿ ಬಹಳ ಬೇಗ ಎದ್ದು ಕಾಣುತ್ತದೆ. ಬಳೆಗುರುತು ಎಂಬ ಪದ ಹೇಗಿದೆ?

ಸೀಮ್ ಸ್ಪ್ಲಿಟ್: ಅಂಚಿನ ಅಂಟು ಬಿಟ್ಟು ಸೀಳಿರುವುದು. ಹೊದಿಕೆಯನ್ನು ನೆಟ್ಟಗೆ ಹಿಡಿದು ತಟ್ಟೆಯನ್ನು ದೊಪ್ಪನೆ ಒಳಕ್ಕೆ ಬಿಡುವವರ ಮನೆಯಲ್ಲಿ ಕೆಳಗಿನ ಅಂಚು ಮೊದಲು ಹೋಗುತ್ತದೆ. ನಮ್ಮ ಮನೆಯಲ್ಲಿ ‘ಬಾಯಿ ಬಿಟ್ಟಿದೆ’ ಎನ್ನುತ್ತೇವೆ.

ಫಾಕ್ಸಿಂಗ್: ಕಾಗದದಲ್ಲಿ ಏಳುವ ಕಂದು ಚುಕ್ಕೆ. ಇದು ಬೂಷ್ಟಲ್ಲ. ಬೂಷ್ಟು ಮೇಲ್ಮೈಯಲ್ಲಿ ಬೆಳೆಯುತ್ತದೆ, ಒಣಗಿದ ಮೆದು ಬಟ್ಟೆಯಿಂದ ಒರೆಸಿದರೆ ಬಹುಮಟ್ಟಿಗೆ ಹೋಗುತ್ತದೆ. ಕಂದು ಚುಕ್ಕೆ ಕಾಗದದ ಒಳಗೇ ಇರುತ್ತದೆ, ಒರೆಸಿದರೆ ಹೋಗುವುದಿಲ್ಲ. ಆಷಾಢದಲ್ಲಿ ನಮ್ಮ ಅಟ್ಟದ ಮೇಲೆ ಎರಡೂ ಒಟ್ಟಿಗೆ ಬರುತ್ತವೆ. ಮಾರುವವರು ಒಂದನ್ನು ಇನ್ನೊಂದೆಂದು ಬರೆದರೆ ಕೊಳ್ಳುವವರಿಗೆ ನಷ್ಟ.

ರಟ್ಟಿನಮನೆ (ಮೈಸೂರು)

ಬಳೆಗುರುತು ಬಹಳ ಚೆನ್ನಾಗಿದೆ. ಆದರೆ ‘ಬಾಯಿ ಬಿಟ್ಟಿದೆ’ ಬೇಡ ಅಣ್ಣ. ಹೊದಿಕೆಗೆ ಬಾಯಿ ಮೊದಲೇ ಇದೆ, ತಟ್ಟೆ ಹೋಗುವ ಬದಿ. ಆ ಬಾಯಿಯ ಅಂಚು ಸವೆದಿದ್ದರೆ ಅದನ್ನೂ ಬರೆಯಬೇಕಾಗುತ್ತದೆ. ಆದ್ದರಿಂದ ಬಾಯಿ ಎಂದರೆ ತಟ್ಟೆಯ ಬಾಯಿ, ಬೆನ್ನು ಎಂದರೆ ಹೆಸರು ಅಚ್ಚಾಗಿರುವ ಎದುರು ಬದಿ, ಉಳಿದೆರಡು ಮೇಲಂಚು ಮತ್ತು ಕೆಳಂಚು. ಸೀಳಿದ್ದರೆ ‘ಕೆಳಂಚು ಎರಡಿಂಚು ಬಿಚ್ಚಿದೆ’ ಎಂದರೆ ಯಾರಿಗಾದರೂ ಅರ್ಥವಾಗುತ್ತದೆ.

ಬೆನ್ನು ಬಹಳ ಮುಖ್ಯ. ಇಂಪಲ್ಸ್ ಕಂಪನಿಯವರಿಗೆ ಅದು ಚೆನ್ನಾಗಿ ಗೊತ್ತಿತ್ತು. ನಿರ್ಮಾಪಕ ಕ್ರೀಡ್ ಟೇಲರ್ ಅದನ್ನು ಎಬಿಸಿ-ಪ್ಯಾರಾಮೌಂಟ್ ಸಂಸ್ಥೆಯ ಒಳಗೆ ಕಟ್ಟಿದಾಗ ಪ್ರತಿ ತಟ್ಟೆಯ ಬೆನ್ನಿಗೂ ಕಿತ್ತಳೆ ಮತ್ತು ಕಪ್ಪು ಬಣ್ಣ ಕೊಟ್ಟರು. ಇಪ್ಪತ್ತು ತಟ್ಟೆಗಳು ಒಟ್ಟಿಗೆ ನಿಂತರೆ ಕೋಣೆಯ ಆ ಕೊನೆಯಿಂದಲೇ ಗುರುತು ಸಿಗುತ್ತದೆ. ತೆರೆದರೆ ಎರಡು ಕದದ ಬಾಗಿಲಿನಂತಹ ಮಡಿಕೆ, ಒಳಗೆ ಚಿತ್ರ ಮತ್ತು ದೀರ್ಘ ಬರಹ. ಗೇಟ್‌ಫೋಲ್ಡ್‌ಗೆ ಇಬ್ಬಾಗಿಲ ಹೊದಿಕೆ ಎಂದರೆ ನನಗೆ ಹಿತವಾಗಿ ಕೇಳಿಸುತ್ತದೆ.

ರೇಖೆ_ಬಣ್ಣ (ಧಾರವಾಡ)

ಚಿತ್ರಕಾರರ ಹೆಸರುಗಳೂ ಸಂಗ್ರಾಹಕರ ಬಾಯಲ್ಲಿ ಪದಗಳಾಗಿವೆ. ‘ಡಿಎಸ್‌ಎಂ’ ಎಂದು ಬರೆದಿದ್ದರೆ ಡೇವಿಡ್ ಸ್ಟೋನ್ ಮಾರ್ಟಿನ್ ಬರೆದ ಹೊದಿಕೆ ಎಂದು ಓದಿಕೊಳ್ಳಿ. ನಾರ್ಮನ್ ಗ್ರಾಂಝ್ ನಡೆಸಿದ ಕ್ಲೆಫ್, ನಾರ್‌ಗ್ರಾನ್, ವರ್ವ್ ಕಂಪನಿಗಳಿಗೆ ಅವರು ಮಸಿಯ ರೇಖೆಯಲ್ಲಿ ಬರೆದುಕೊಟ್ಟದ್ದು ಬಹಳ. ಒಂದೇ ಗೆರೆ ಒಮ್ಮೆ ಕೂದಲಿನಂತೆ ಸಣ್ಣಗಾಗಿ ಒಮ್ಮೆ ಹೆಬ್ಬೆರಳಿನಂತೆ ದಪ್ಪವಾಗುತ್ತದೆ. ಕ್ಲೆಫ್ ಕಂಪನಿಯ ಲಾಂಛನವಾದ ತುತ್ತೂರಿಗಾರನೂ ಅವರದೇ.

ಬ್ಲೂ ನೋಟ್‌ನ ವಿನ್ಯಾಸಕಾರ ರೀಡ್ ಮೈಲ್ಸ್ ಅದಕ್ಕೆ ನೇರ ವಿರುದ್ಧ. ಅಕ್ಷರವೇ ಅವರಿಗೆ ಚಿತ್ರ. ಫ್ರಾನ್ಸಿಸ್ ವುಲ್ಫ್ ತೆಗೆದ ಛಾಯಾಚಿತ್ರವನ್ನು ಕಿರಿದಾಗಿ ಕತ್ತರಿಸಿ, ಒಂದೋ ಎರಡೋ ಬಣ್ಣ ಬಳಸಿ ಮುಗಿಸುತ್ತಿದ್ದರು. ಆಂಡಿ ವಾರ್ಹಾಲ್ ಹೆಸರುವಾಸಿಯಾಗುವ ಮೊದಲು ಗಿಟಾರ್ ವಾದಕ ಕೆನ್ನಿ ಬರೆಲ್ ಅವರ ತಟ್ಟೆಗಳಿಗೆ ಬರೆದ ರೇಖಾಚಿತ್ರಗಳೂ ಇದೇ ಕಂಪನಿಯವು.

ಇವರೆಲ್ಲರಿಗೂ ದಾರಿ ಮಾಡಿಕೊಟ್ಟವರು ಅಲೆಕ್ಸ್ ಸ್ಟೈನ್‌ವೈಸ್. 1940ರಲ್ಲಿ ಕೊಲಂಬಿಯಾ ಕಂಪನಿಯಲ್ಲಿ ನಿಮಿಷಕ್ಕೆ 78 ಸುತ್ತಿನ ತಟ್ಟೆಗಳ ಪುಸ್ತಕಗಳಿಗೆ ಚಿತ್ರ ಹಾಕತೊಡಗಿದರು. ಅದಕ್ಕೆ ಮೊದಲಿನ ಬೋಳು ಹೊದಿಕೆಗಳನ್ನು ‘ಟೂಂಬ್‌ಸ್ಟೋನ್’, ಅಂದರೆ ಗೋರಿಕಲ್ಲು ಎನ್ನುತ್ತಾರೆ. ‘ಆಲ್ಬಂ’ ಎಂಬ ಮಾತಿನ ಮೂಲವೂ ಅಲ್ಲೇ. ನಾಲ್ಕೈದು ತಟ್ಟೆಗಳನ್ನು ಪುಟಪುಟವಾಗಿ ಇಟ್ಟ ರಟ್ಟಿನ ಪುಸ್ತಕವೇ ಆಲ್ಬಂ. ರಟ್ಟಿನಮನೆಯವರ ಮಾತು ಇಲ್ಲಿಯೂ ಸರಿಹೋಗುತ್ತದೆ.

ತಾಳಬದ್ಧ (ಬೆಂಗಳೂರು)

ಜಪಾನಿನ ಪ್ರತಿಗಳನ್ನು ಮರೆಯಬೇಡಿ. ಬೆನ್ನಿನ ಬದಿಯಿಂದ ಹೊದಿಕೆಯನ್ನು ಸುತ್ತುವ ಕಾಗದದ ಪಟ್ಟಿಗೆ ‘ಓಬಿ’ ಎನ್ನುತ್ತಾರೆ. ಕಿಮೋನೊ ಉಡುವಾಗ ಸೊಂಟಕ್ಕೆ ಕಟ್ಟುವ ಪಟ್ಟಿಯ ಹೆಸರೇ ಅದು. ನಮ್ಮಲ್ಲಿ ನಡುಪಟ್ಟಿ ಇದೆಯಲ್ಲ. ಓಬಿ ಇಲ್ಲದ ಜಪಾನಿ ಪ್ರತಿಯ ಬೆಲೆ ಕಡಿಮೆ.

ನಮ್ಮ ಊರಿನ ನಂಟಿರುವ ಒಂದು ಹೊದಿಕೆಯೂ ನನ್ನ ಬಳಿ ಇದೆ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಜೊತೆ ನುಡಿಸಿದ ‘ಜ್ಯೋತಿ’, 1983, ಮ್ಯೂನಿಕ್‌ನ ಇಸಿಎಂ ಕಂಪನಿ. ಆರ್.ಎ. ರಮಾಮಣಿ ಅವರ ಗಾಯನ, ಟಿ.ಎ.ಎಸ್. ಮಣಿ ಅವರ ಮೃದಂಗ. ಆದರೆ ಅದು ನೇರ ಮುದ್ರಣದ ಹೊದಿಕೆ. ಚೌಕಟ್ಟು, ಹಾಳೆ ಹೊದಿಸಿದ ರಟ್ಟು ಎಂಬ ಪದಗಳು ಅದಕ್ಕೆ ಸಲ್ಲುವುದಿಲ್ಲ. ಯಾರಾದರೂ ಹಾಗೆ ಬರೆದು ಮಾರಿದರೆ ನಂಬಬೇಡಿ.

ತಟ್ಟೆಪ್ರಿಯ (ಬೆಂಗಳೂರು)

ಇನ್ನೊಂದು ಅನುಮಾನ. ನನ್ನ ತಟ್ಟೆಯ ಲೇಬಲ್ ಕಪ್ಪು, ಅಂಚಿನಲ್ಲಿ ಕೆಂಪು ಬಳೆ. ಹೊದಿಕೆಯ ಮೇಲೆ ಮಾತ್ರ ಎಬಿಸಿ-ಪ್ಯಾರಾಮೌಂಟ್ ಎಂಬ ಪೂರ್ಣ ಹೆಸರಿದೆ. ಯಾರೋ ಬೇರೆ ಬೇರೆ ಪ್ರತಿಗಳನ್ನು ಜೋಡಿಸಿ ಮಾರಿದ್ದಾರೆಯೇ?

ಜರ್ಸಿ_ಕನ್ನಡತಿ

ಹಾಗೆಂದು ತೀರ್ಮಾನಿಸುವ ಅಗತ್ಯವಿಲ್ಲ. ಕಂಪನಿ 1966ರಲ್ಲಿ ತನ್ನ ಹೆಸರಿನಿಂದ ಪ್ಯಾರಾಮೌಂಟ್ ಎಂಬುದನ್ನು ಬಿಟ್ಟಿತು. ಕೆಂಪು ಬಳೆಯ ಕಪ್ಪು ಲೇಬಲ್ 1968ರಿಂದ ಈಚಿನದು. ಅದಕ್ಕೆ ಮೊದಲು ಇದ್ದದ್ದು ಕಿತ್ತಳೆ-ಕಪ್ಪು ಲೇಬಲ್. ಹೊದಿಕೆಗಳನ್ನು ಒಂದೇ ಸಲ ಹೆಚ್ಚಿಗೆ ಮಾಡಿಸಿಟ್ಟು, ತಟ್ಟೆಗಳನ್ನು ಬೇಕಾದ ಹಾಗೆ ಅಚ್ಚು ಹಾಕಿಸುವುದು ಆಗಿನ ರೂಢಿ. ಹಳೆಯ ಹೊದಿಕೆ ಖಾಲಿಯಾಗುವವರೆಗೆ ಹೊಸ ತಟ್ಟೆಗಳು ಅದರಲ್ಲೇ ಹೋಗುತ್ತಿದ್ದವು. ಆದ್ದರಿಂದಲೇ ಹೊದಿಕೆ ನೋಡಿ ‘ಮೊದಲ ಅಚ್ಚು’ ಎನ್ನುವವರ ಮಾತನ್ನು ಲೇಬಲ್ ನೋಡದೆ ಒಪ್ಪಬಾರದು. ನಿಮ್ಮದು ಹಳೆಯ ಹೊದಿಕೆಯಲ್ಲಿ ಬಂದ ನಂತರದ ಅಚ್ಚು. ಮೂಲೆ ಕತ್ತರಿಸಿರುವುದು ಕೂಡ ಉಳಿದ ಸರಕನ್ನು ಖಾಲಿ ಮಾಡಿದ ಕಾಲಕ್ಕೆ ಸರಿಹೊಂದುತ್ತದೆ. ಧ್ವನಿಯ ಬಗ್ಗೆ ಚಿಂತೆ ಬೇಡ. ಇಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ರೂಡಿ ವ್ಯಾನ್ ಗೆಲ್ಡರ್ ಧ್ವನಿಮುದ್ರಿಸಿದ ಕೆಲಸ ಅದು, ಕೇಳಿ ನೋಡಿ.

ರಟ್ಟಿನಮನೆ (ಮೈಸೂರು)

ಒಂದು ಕೋರಿಕೆ. ಆ ಕೆಳಂಚಿಗೆ ದಯವಿಟ್ಟು ಸೆಲೋಟೇಪ್ ಹಚ್ಚಬೇಡಿ. ವರ್ಷಗಳು ಕಳೆದ ಮೇಲೆ ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಮತ್ತೆ ತೆಗೆಯಲಾಗುವುದಿಲ್ಲ. ಬಿಚ್ಚಿದ್ದು ಬಿಚ್ಚಿದಂತೆಯೇ ಇರಲಿ. ತಟ್ಟೆಯನ್ನು ಅದರ ಕಾಗದದ ಚೀಲದ ಸಮೇತ ಹೊದಿಕೆಯ ಹೊರಗಿಟ್ಟು, ಎರಡನ್ನೂ ಸೇರಿಸಿ ಪಾಲಿಪ್ರೊಪಿಲೀನ್ ಚೀಲದಲ್ಲಿಡಿ. ಪಿವಿಸಿ ಚೀಲ ಬೇಡ, ಅದು ತಟ್ಟೆಯ ಮೇಲೆ ಮಂಜು ಕವಿದಂತೆ ಕಲೆ ಬಿಡುತ್ತದೆ.

ತಟ್ಟೆಪ್ರಿಯ (ಬೆಂಗಳೂರು)

ಎಲ್ಲರಿಗೂ ಮನಸಾರೆ ಧನ್ಯವಾದಗಳು. ನನ್ನ ಸಂಗ್ರಹದ ಪುಸ್ತಕದಲ್ಲಿ ಈ ತಟ್ಟೆಯ ವಿವರವನ್ನು ಇವತ್ತು ಹೀಗೆ ಬರೆದುಕೊಂಡೆ. ತಪ್ಪಿದ್ದರೆ ತಿದ್ದಿ.

‘ಆಲಿವರ್ ನೆಲ್ಸನ್, ಇಂಪಲ್ಸ್. ಇಬ್ಬಾಗಿಲ ಹೊದಿಕೆ, ಹಾಳೆ ಹೊದಿಸಿದ ರಟ್ಟು, ಹೊರಗೆ ಹೊಳಪು ಪೊರೆ. ಬೆನ್ನು ಕಿತ್ತಳೆ-ಕಪ್ಪು, ಅಕ್ಷರ ಪೂರ್ತಿ ಓದಲು ಬರುತ್ತದೆ. ಮುಂಭಾಗದಲ್ಲಿ ತೆಳು ಬಳೆಗುರುತು. ಕೆಳಂಚು ಎರಡಿಂಚು ಬಿಚ್ಚಿದೆ. ಕಂದು ಚುಕ್ಕೆ ಇಲ್ಲ, ಬೂಷ್ಟು ಇಲ್ಲ. ಒಳಬಾಗಿಲಿನ ಮೇಲೆ ನೀಲಿ ಶಾಯಿಯಲ್ಲಿ ಹಿಂದಿನ ಮಾಲೀಕರ ಮೊದಲಕ್ಷರಗಳು. ಮೇಲಿನ ಬಲಮೂಲೆ ಕಂಪನಿಯ ಉಗ್ರಾಣದಲ್ಲಿ ಕತ್ತರಿಸಿದ್ದು, ಪದರಗಳು ಕಾಣುತ್ತವೆ. ಹೊದಿಕೆ 1966ಕ್ಕೆ ಮೊದಲಿನದು, ತಟ್ಟೆ 1968ರ ನಂತರದ್ದು.’

ರಟ್ಟಿನಮನೆ (ಮೈಸೂರು)

ತಿದ್ದಲು ಏನೂ ಇಲ್ಲ. ಮಳೆ ಶುರುವಾಗುವ ಮೊದಲು ಬೀರುವಿನ ಕೆಳಗಿನ ಖಾನೆಯಿಂದ ಮೇಲಿನ ಖಾನೆಗೆ ಎತ್ತಿಡಿ.